ಓದುಗರ ಪ್ರಶ್ನೆ: ಕುದುರೆ ಕಥೆಗೆ ರೇಸ್ ಬೇಕೇ ಬೇಕಾ?

ಪ್ರಶ್ನೆ: ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಅಂತ ಒಂದು ಕಾದಂಬರಿ ಬರೀತಿದೀನಿ. ಅಕ್ಕ-ತಮ್ಮ ಇಬ್ರು ಸೇರಿ ಒಂದು ಮುದಿ ಕುದುರೆನ ನೋಡ್ಕೊಳ್ಳೋ ಕಥೆ. ಮೂರು ಅಧ್ಯಾಯ ಆದ್ಮೇಲೆ ನಿಂತುಬಿಟ್ಟಿದೆ, ದಿನಾ ಹುಲ್ಲು ಹಾಕೋದು ನೀರು ಇಡೋದು ಬಿಟ್ರೆ ಏನೂ ನಡೀತಿಲ್ಲ. ಕೊನೇಲಿ ಒಂದು ರೇಸ್ ಇಟ್ಟು ಗೆಲ್ಲಿಸಿಬಿಡ್ಲಾ? ಇಲ್ಲಾ ಕುದುರೆ ಬಾಯಲ್ಲೇ ಕಥೆ ಹೇಳಿಸ್ಲಾ?

ಉತ್ತರ: ಮುದಿ ಕುದುರೆನ ರೇಸಲ್ಲಿ ಗೆಲ್ಲಿಸೋದಾ? ದಯವಿಟ್ಟು ಬೇಡ ಮಾರಾಯ್ರೆ. ಏನೂ ನಡೀತಿಲ್ಲ ಅಂತೀರಲ್ಲ, ಆ ಹುಲ್ಲು-ನೀರಲ್ಲೇ ಕಥೆ ಇರೋದು, ನೀವು ಅದನ್ನ ಒಂದೇ ಸಾಲಲ್ಲಿ ದಾಟಿಸ್ಕೊಂಡು ಹೋಗ್ತಿದೀರಿ ಅನ್ಸುತ್ತೆ.

ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಗೊತ್ತಾ? ತಿಂದಿದ್ದು ಹೆಚ್ಚುಕಮ್ಮಿ ಆದ್ರೆ ವಾಪಸ್ ಬರೋ ದಾರಿನೇ ಇಲ್ಲ, ಅದರ ಹೊಟ್ಟೆ ಇರೋದೇ ಸ್ವಲ್ಪ ಸ್ವಲ್ಪ ಅಂತ ದಿನವಿಡೀ ಮೇಯೋದಕ್ಕೆ. ಈಗ ನಿಮ್ಮ ಕಥೇಲಿರೋ ತಮ್ಮ ಒಂದು ರಾತ್ರಿ ಕಾಳಿನ ಡಬ್ಬದ ಮುಚ್ಚಳ ಸರಿಯಾಗಿ ಹಾಕದೆ ಬಂದು ಮಲಗಿದ ಅನ್ಕೊಳ್ಳಿ, ಬೆಳಗ್ಗೆ ಅಕ್ಕ ಲಾಯಕ್ಕೆ ಹೋಗಿ ನೋಡಿದ್ರೆ ಕುದುರೆ ಮುಂಗಾಲಲ್ಲಿ ನೆಲ ಕೆರೀತಿದೆ, ತಿರುಗಿ ತಿರುಗಿ ತನ್ನ ಪಕ್ಕೆ ಕಡೆನೇ ನೋಡ್ಕೋತಿದೆ, ಮೈಯೆಲ್ಲಾ ಬೆವರು, ರಾತ್ರಿಯಿಂದ ಲದ್ದಿನೇ ಹಾಕಿಲ್ಲ. ಇದು ಕಾಲಿಕ್, ಅಂದ್ರೆ ಕುದುರೆಗೆ ಬರೋ ಜೋರು ಹೊಟ್ಟೆನೋವು, ಪ್ರಾಣಕ್ಕೇ ಬರಬಹುದು. ಮೇವು ಪೂರ್ತಿ ತೆಗೆದು ತಕ್ಷಣ ವೆಟ್ (ಪಶುವೈದ್ಯರು) ಕರೆಸ್ಬೇಕು, ಉರುಳಾಡ್ತಿದ್ರೆ ಮಕ್ಕಳು ಹತ್ರನೂ ಹೋಗೋ ಹಾಗಿಲ್ಲ. ವೆಟ್ ಬಂದು ಏನು ತಿಂತು ಅಂತ ಕೇಳ್ತಾರಲ್ಲ, ಆಗ ತಮ್ಮ ಡಬ್ಬದ ವಿಷಯ ಬಾಯಿ ಬಿಡ್ತಾನಾ ಇಲ್ವಾ? ಹೊಟ್ಟೆನೋವು ಇಳಿದ್ರೂ ಕಥೆ ಮುಗಿಯಲ್ಲ, ಕಾಳು ಜಾಸ್ತಿ ತಿಂದ ಕುದುರೆಗೆ ಒಂದೆರಡು ದಿನ ಬಿಟ್ಟು ಗೊರಸಿನ ಒಳಗೆ ಉರಿಯೂತ ಬರಬಹುದು, ಗೊರಸು ಮುಟ್ಟಿದ್ರೆ ಬಿಸಿ, ಹೆಜ್ಜೆ ಇಡೋಕೂ ಒದ್ದಾಡುತ್ತೆ. ನೋಡಿ, ಎರಡು ಅಧ್ಯಾಯ ಆಯ್ತು, ರೇಸ್ ಎಲ್ಲಿ ಬೇಕು?

ಕುದುರೆ ಬಾಯಲ್ಲಿ ಹೇಳಿಸೋದು ಹಳೇ ವಿದ್ಯೆ, ಇಂಗ್ಲಿಷ್ ಲೇಖಕಿ ಆನ್ನಾ ಸೀವೆಲ್ 1877ರಲ್ಲೇ 'ಬ್ಲ್ಯಾಕ್ ಬ್ಯೂಟಿ' ಅನ್ನೋ ಕಾದಂಬರಿಲಿ ಅದನ್ನ ಮಾಡಿ ಗೆದ್ದಿದ್ರು. ಅವರ ಉದ್ದೇಶನೇ ಬೇರೆ, ಕುದುರೆ ದುಡಿಸೋ ಜನಕ್ಕೆ ಅದರ ನೋವು ತಿಳೀಲಿ ಅಂತ ಬರೆದಿದ್ದು. ಅದರಲ್ಲೂ ನಿಮಗೆ ಬೇಕಾಗಿರೋದು ಜೋ ಗ್ರೀನ್ ಅನ್ನೋ ಹುಡುಗ. ಓಡಿ ಬೆವರಿ ಬಂದ ಕುದುರೆಗೆ ಸೆಕೆ ಆಗ್ತಿರುತ್ತೆ ಅಂತ ಕಂಬಳಿ ಹೊದಿಸಲ್ಲ, ಒಂದು ಬಕೆಟ್ ತಣ್ಣೀರು ಕುಡಿಸಿ, ಎಲ್ಲಾ ಸರಿಯಾಗೇ ಮಾಡ್ದೆ ಅಂದ್ಕೊಂಡು ಹೋಗ್ತಾನೆ, ಕುದುರೆ ಸಾಯೋ ಸ್ಥಿತಿಗೆ ಬರುತ್ತೆ. (ಬಿಸಿ ಮೈಗೆ ನೀರು ಕೊಡಬಾರದು ಅನ್ನೋದು ಹಳೇ ನಂಬಿಕೆ, ಈಗಿನ ವೆಟ್‌ಗಳು ಕುಡಿಯೋಕೆ ಬಿಡಿ ಅಂತಾರೆ, ನಿಮ್ಮ ಕಥೇಲಿ ಇದನ್ನ ಹಾಗೇ ಕಾಪಿ ಮಾಡ್ಬೇಡಿ.) ಜೋಗೆ ಕುದುರೆ ಮೇಲೆ ಪ್ರೀತಿ ಇದೆ, ನೋಡ್ಕೊಳ್ಳೋದು ಗೊತ್ತಿಲ್ಲ, ಅಷ್ಟೇ. ನಿಮ್ಮ ಕುದುರೆ ಮಾತಾಡಿಬಿಟ್ರೆ ಮಕ್ಕಳಿಗೆ ಊಹಿಸೋಕೆ ಏನು ಉಳೀತು? ಕಿವಿ ಹಿಂದಕ್ಕೆ ಒತ್ತಿದ್ರೆ ಸಿಟ್ಟು, ಬಾಯಾಡಿಸ್ತಾ ತಲೆ ತಗ್ಗಿಸಿ ನಿಂತ್ರೆ ಆರಾಮಾಗಿದೆ, ಇದನ್ನ ಓದೋಕೆ ಅವರು ಕಲೀಬೇಕು.

ಗೊರಸು ಕ್ಲೀನ್ ಮಾಡೋ ಸೀನ್ ಒಂದು ಬರೀರಿ. ಅಕ್ಕ ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಂತು, ಕಾಲುದ್ದಕ್ಕೂ ಕೈ ಜಾರಿಸ್ತಾ ಕೆಳಗೆ ಬರ್ಬೇಕು, ಕುದುರೆ ತಾನಾಗೇ ಕಾಲು ಎತ್ತಿ ಕೊಡುತ್ತೆ ಅಥವಾ ಕೊಡಲ್ಲ. ಗೊರಸಿನ ಕೊಳೆ ತೆಗೆಯೋ ಕೊಕ್ಕೆನ ಹಿಮ್ಮಡಿಯಿಂದ ಮುಂದಕ್ಕೆ ಎಳೀಬೇಕು, ನಡುವಿನ ಮೆತ್ತಗಿನ ತ್ರಿಕೋನಕ್ಕೆ ಚುಚ್ಚಬಾರದು. ಮೊದಲನೇ ದಿನ ಕಾಲು ಕೊಡದ ಕುದುರೆ ಹತ್ತನೇ ಅಧ್ಯಾಯದಲ್ಲಿ ಕೊಟ್ರೆ ಓದೋ ಮಗು ಕುಣಿಯುತ್ತೆ.

ಪ್ರಶ್ನೆ: ಇಂಥ ಪುಸ್ತಕ ಓದಿ ಓದಿ ಮಗಳು ಕುದುರೆ ಕೊಡ್ಸಿ ಅಂತ ಪ್ರಾಣ ತಿಂತಿದಾಳೆ. ಪುಸ್ತಕ ನಿಲ್ಲಿಸ್ಬೇಕಾ?

ಉತ್ತರ: ಪುಸ್ತಕ ಏನು ಪಾಪ ಮಾಡಿತ್ತು? ಕುದುರೆ 25-30 ವರ್ಷ ಬದುಕುತ್ತೆ, 6-8 ವಾರಕ್ಕೊಮ್ಮೆ ಗೊರಸು ಕತ್ತರಿಸ್ಬೇಕು, ದಿನಕ್ಕೆ ಕಡಿಮೆ ಅಂದ್ರೂ 20 ಲೀಟರ್ ನೀರು ಹೊರಬೇಕು ಅಂತ ಹೇಳಿ ನೋಡಿ. ಆಮೇಲೆ ಯಾವ್ದಾದ್ರೂ ಲಾಯದವರು ಒಪ್ಪಿದ್ರೆ ರಜೇಲಿ ಲದ್ದಿ ಬಾಚೋಕೆ ಕಳ್ಸಿ, ಸವಾರಿ ಬೇಡ, ಬರೀ ಲದ್ದಿ. ತಿಂಗಳಾದ್ಮೇಲೂ ಆಸೆ ಹಾಗೇ ಇದ್ರೆ ಮತ್ತೆ ಬರೀರಿ.