ಡಿಕ್ಕಿಗೆ ಮುಂಚಿನ ಐದು ಸೆಕೆಂಡು ಯಾರ ಕೈಯಲ್ಲಿದೆ?

ಪ್ರಶ್ನೆ: ಸರ್, ಕಳೆದ ತಿಂಗಳು ನನ್ನ ತಮ್ಮ ರಾತ್ರಿ ಹೊತ್ತು ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ಭರಮಸಾಗರ ದಾಟಿದ ಮೇಲೆ ಲಾರಿಯ ಹಿಂಭಾಗಕ್ಕೆ ಕಾರು ಗುದ್ದಿದ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರಿಂದ ಜೀವ ಉಳಿಯಿತು, ಕೈ ಮುರಿದಿದೆ. ಲಾರಿಗೆ ಹಿಂದಿನ ಲೈಟೇ ಇರಲಿಲ್ಲ, ರಸ್ತೆ ಮೇಲೇ ನಿಂತಿತ್ತು, ನಾನು ಎಂಬತ್ತರಲ್ಲಿದ್ದೆ, ಬ್ರೇಕೂ ಹಾಕಿದೆ ಅನ್ನುತ್ತಾನೆ. ಲಾರಿಯವರು ನೂರಿಪ್ಪತ್ತರಲ್ಲಿ ಬಂದ ಅನ್ನುತ್ತಾರೆ. ಕಾರಿನಲ್ಲೂ ವಿಮಾನದ ಹಾಗೆ ಬ್ಲ್ಯಾಕ್ ಬಾಕ್ಸ್ ಇರುತ್ತಂತೆ, ನಿಜಾನಾ? ಅದಕ್ಕೆ ವಿಶ್ವಸಂಸ್ಥೆಯ ನಿಯಮವೇ ಇದೆಯಂತೆ. ಅದು ನಮಗೂ ಅನ್ವಯಿಸುತ್ತಾ?
– ದಾವಣಗೆರೆಯ ಓದುಗರು

ಉತ್ತರ: ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಕಾರು ನಿಂತಿರುವ ಗ್ಯಾರೇಜಿಗೆ ಫೋನ್ ಮಾಡಿ. ಏರ್‌ಬ್ಯಾಗ್ ಮಾಡ್ಯೂಲ್ (ಏರ್‌ಬ್ಯಾಗನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರು) ಬಿಚ್ಚಬೇಡಿ, ರಿಸೆಟ್ ಮಾಡಿಸಬೇಡಿ, ಇಗ್ನಿಷನ್ ಸುಮ್ನೆ ಆನ್ ಮಾಡಬೇಡಿ ಎಂದು ಹೇಳಿ. ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರಿಗೆ ಸಾಮಾನ್ಯವಾಗಿ ಹೊಸ ಮಾಡ್ಯೂಲ್ ಹಾಕುತ್ತಾರೆ, ಹಳೆಯದು ಗುಜರಿಗೆ ಹೋಗುತ್ತದೆ. ಕೆಲವರು ಖರ್ಚು ಉಳಿಸಲು ಹಳೆಯದನ್ನೇ ರಿಸೆಟ್ ಮಾಡಿಸುತ್ತಾರೆ. ಆಗ ಅದರೊಳಗಿನ ಡಿಕ್ಕಿಯ ದಾಖಲೆ ಅಳಿಸಿಹೋಗುತ್ತದೆ. ನಿಮ್ಮ ತಮ್ಮನ ಪರವಾಗಿಯೋ ವಿರುದ್ಧವಾಗಿಯೋ ಮಾತಾಡಬಲ್ಲ ಸಾಕ್ಷಿ ಅದೇ ಡಬ್ಬಿ.

ಹೌದು, ಡಬ್ಬಿ ಇರುವುದು ನಿಜ. ಆದರೆ ವಿಮಾನದ್ದರ ಹಾಗೆ ಬೇರೆ ಪೆಟ್ಟಿಗೆ ಅಲ್ಲ. ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಎಂದು ತೀರ್ಮಾನಿಸುವ ಕಂಪ್ಯೂಟರು ಹೆಚ್ಚಾಗಿ ಗೇರ್ ಲಿವರ್‌ನ ಆಸುಪಾಸಿನಲ್ಲಿ, ಕಾರಿನ ಮಧ್ಯಭಾಗದಲ್ಲಿರುತ್ತದೆ. ಅದರ ಚಿಪ್ಪಿನಲ್ಲೇ ಒಂದಿಷ್ಟು ಜಾಗ ಈ ದಾಖಲೆಗೆ. ಇದರ ಹೆಸರು ಇವೆಂಟ್ ಡೇಟಾ ರೆಕಾರ್ಡರ್, ಚಿಕ್ಕದಾಗಿ ಇಡಿಆರ್. ಕಾರಿನ ವೇಗ ಒಂದು ಸೆಕೆಂಡಿನ ಸುಮಾರು ಏಳನೇ ಒಂದು ಭಾಗದೊಳಗೆ (ಲೆಕ್ಕದಲ್ಲಿ 150 ಮಿಲಿಸೆಕೆಂಡು) ಗಂಟೆಗೆ 8 ಕಿ.ಮೀ.ಗಿಂತ ಜಾಸ್ತಿ ಬದಲಾದರೆ ಅದು ಎಚ್ಚರಗೊಂಡು, ಹಿಂದಿನ ಐದು ಸೆಕೆಂಡಿನ ಮಾಹಿತಿಯನ್ನು ಗಟ್ಟಿಯಾಗಿ ಬರೆದಿಡುತ್ತದೆ: ವೇಗ, ಆಕ್ಸಿಲರೇಟರ್, ಬ್ರೇಕ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಬಿಚ್ಚಲು ತೆಗೆದುಕೊಂಡ ಸಮಯ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಆ ದಾಖಲೆಗೆ ಬೀಗ ಬೀಳುತ್ತದೆ, ಮತ್ತೊಂದು ಡಿಕ್ಕಿ ಅದರ ಮೇಲೆ ಬರೆಯಲು ಆಗುವುದಿಲ್ಲ. ಬ್ಯಾಟರಿ ತೆಗೆದರೂ ಅಳಿಯುವುದಿಲ್ಲ. ನಿಮ್ಮ ವಿಷಯದಲ್ಲಿ ಇದು ಒಳ್ಳೆಯ ಸುದ್ದಿ.

ಆದರೆ ಅದು ಹೇಳುವುದನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ವೇಗ ಚಕ್ರದ ಸೆನ್ಸರಿನಿಂದ ಬರುತ್ತದೆ. ಚಕ್ರ ಜಾಮ್ ಆಗಿ ಜಾರುತ್ತಿದ್ದರೆ ಕಾರು ಅರವತ್ತರಲ್ಲಿದ್ದರೂ ಡಬ್ಬಿ ಕಡಿಮೆ ಬರೆದುಕೊಳ್ಳಬಹುದು. ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೂ ಅಷ್ಟೇ, ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಬ್ರೇಕ್ ಬಗ್ಗೆ ಸಾಮಾನ್ಯವಾಗಿ ‘ಒತ್ತಿದ್ದಾನೆ’, ‘ಒತ್ತಿಲ್ಲ’ ಎಂಬ ಎರಡೇ ಉತ್ತರ. ಎಷ್ಟು ಜೋರಾಗಿ ಒತ್ತಿದ ಎಂಬುದನ್ನು ವೇಗ ಇಳಿದ ರೀತಿಯಿಂದ ಊಹಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಕಣ್ಣಿಲ್ಲ. ಲಾರಿಗೆ ಹಿಂದಿನ ಲೈಟ್ ಇತ್ತೋ ಇಲ್ಲವೋ, ನಿಂತಿತ್ತೋ ಓಡುತ್ತಿತ್ತೋ ಅದಕ್ಕೆ ಗೊತ್ತಿಲ್ಲ. ಎಂಬತ್ತೋ ನೂರಿಪ್ಪತ್ತೋ ಎಂಬ ಜಗಳ ಅದರಿಂದ ಬಗೆಹರಿಯಬಹುದು. ಲೈಟಿನ ಜಗಳಕ್ಕೆ ಪೊಲೀಸರ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ಜಾಗದ ಫೋಟೋಗಳೇ ಗತಿ.

ಈಗ ವಿಶ್ವಸಂಸ್ಥೆಯ ನಿಯಮ. ವಾಹನಗಳ ಅಂತರರಾಷ್ಟ್ರೀಯ ನಿಯಮಗಳು ರೂಪುಗೊಳ್ಳುವುದು ಜಿನೀವಾದಲ್ಲಿ, ಡಬ್ಲ್ಯುಪಿ-29 ಎಂಬ ವೇದಿಕೆಯಲ್ಲಿ. ಇಡಿಆರ್‌ಗೆಂದು ಅಲ್ಲಿ 2021ರ ಮಾರ್ಚಿನಲ್ಲಿ ಒಪ್ಪಿದ್ದು 160ನೇ ನಿಯಮ, ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಜಾರಿಗೆ ಬಂತು. ಕೇಳಲು ಸಲೀಸು, ಆದರೆ ದಾರಿ ಸಲೀಸಾಗಿರಲಿಲ್ಲ. ಅಮೆರಿಕ 2006ರಲ್ಲೇ ತನ್ನದೊಂದು ನಿಯಮ ಮಾಡಿಕೊಂಡಿತ್ತು. ಅದರ ಮಾತು ವಿಚಿತ್ರ: ಇಡಿಆರ್ ಹಾಕಲೇಬೇಕು ಎಂದಿಲ್ಲ, ಹಾಕಿದರೆ ಹೀಗೇ ಇರಬೇಕು ಅಂತ. ಯುರೋಪಿನವರು ಹಾಕಲೇಬೇಕು ಎಂದರು. 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ. ಚೀನಾ ತನ್ನದೇ ಮಾನಕ ಬರೆದುಕೊಂಡಿತು.

ಎಲ್ಲರೂ ಒಂದೇ ನಿಯಮಕ್ಕೆ ಯಾಕೆ ಸಹಿ ಹಾಕಲಿಲ್ಲ? ಜಿನೀವಾದಲ್ಲಿ ಎರಡು ಒಪ್ಪಂದಗಳಿವೆ. 1958ರ ಒಪ್ಪಂದದವರು ಒಂದು ದೇಶ ಪರೀಕ್ಷಿಸಿ ಪಾಸ್ ಮಾಡಿದ್ದನ್ನು ಇನ್ನೊಂದು ದೇಶ ಒಪ್ಪಿಕೊಳ್ಳುತ್ತಾರೆ. ಅಮೆರಿಕದಲ್ಲಿ ಸರ್ಕಾರ ಮೊದಲೇ ಪರೀಕ್ಷಿಸುವ ಪದ್ಧತಿಯೇ ಇಲ್ಲ, ಕಂಪನಿಯೇ ‘ನಮ್ಮದು ಸರಿಯಿದೆ’ ಎಂದು ಘೋಷಿಸಿಕೊಳ್ಳಬೇಕು. ಹಾಗಾಗಿ ಅದು, ಒಬ್ಬರ ಪರೀಕ್ಷೆಯನ್ನು ಇನ್ನೊಬ್ಬರು ಒಪ್ಪಬೇಕೆಂಬ ಕಟ್ಟುಪಾಡಿಲ್ಲದ 1998ರ ಒಪ್ಪಂದದಲ್ಲಿದೆ. ಭಾರತವೂ 2006ರಲ್ಲಿ ಸೇರಿದ್ದು ಇದಕ್ಕೇ. ಕೊನೆಗೆ 1958ರ ಗುಂಪಿಗೆ 160ನೇ ನಿಯಮ, 1998ರ ಗುಂಪಿಗೆ ‘ನಿಮ್ಮ ದೇಶದಲ್ಲಿ ನಿಯಮ ಮಾಡುವಾಗ ಈ ಅಂಶಗಳನ್ನು ನೋಡಿಕೊಳ್ಳಿ’ ಎಂಬ ಮಾರ್ಗಸೂಚಿ. ಅಂದರೆ 160ನೇ ನಿಯಮ ತನ್ನಷ್ಟಕ್ಕೆ ತಾನೇ ನಮ್ಮ ಮೇಲೆ ಬಂದು ಕೂರುವುದಿಲ್ಲ. ನಿಮ್ಮ ಕಾರಿನಲ್ಲಿ ದಾಖಲೆ ಇದ್ದರೆ, ಅದು ಆ ಮಾಡ್ಯೂಲನ್ನು ಕಂಪನಿ ಹೇಗೆ ಮಾಡಿಸಿದೆ ಎಂಬುದರ ಮೇಲೆ ನಿಂತಿದೆ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಡಬ್ಬಿಯೊಳಗೆ ಏನಿದೆ ಎಂಬುದಲ್ಲ, ಅದನ್ನು ಬಿಚ್ಚುವ ಹಕ್ಕು ಯಾರದ್ದು ಎಂಬುದು. ಅಮೆರಿಕ 2015ರ ಕಾಯ್ದೆಯಲ್ಲಿ ನೇರವಾಗಿ ಹೇಳಿಬಿಟ್ಟಿದೆ: ಮಾಹಿತಿ ವಾಹನದ ಮಾಲೀಕನದ್ದು, ಇಲ್ಲವೇ ಲೀಸಿಗೆ ಪಡೆದವನದ್ದು. ಅವನ ಒಪ್ಪಿಗೆ, ಕೋರ್ಟಿನ ಆದೇಶ, ಹೀಗೆ ಕೆಲವೇ ಕಾರಣಕ್ಕೆ ಬೇರೆಯವರು ತೆಗೆಯಬಹುದು. ಜಿನೀವಾದವರು ಇನ್ನೊಂದು ದಾರಿ ಹಿಡಿದರು. ಕಾರಿನ ಗುರುತಿನ ಸಂಖ್ಯೆ, ಜಾಗ, ಚಾಲಕನ ವಿವರ, ಕೊನೆಗೆ ತಾರೀಕು ಮತ್ತು ಸಮಯ, ಇವನ್ನೆಲ್ಲ ನಿಯಮದ ವ್ಯಾಪ್ತಿಯಿಂದಲೇ ಹೊರಗಿಟ್ಟರು. ಖಾಸಗಿತನಕ್ಕೆ ಒಳ್ಳೆಯದೇ. ಆದರೆ ನಿಮ್ಮಂಥವರಿಗೆ ಪೇಚಾಟ. ಈ ದಾಖಲೆ ಆ ರಾತ್ರಿಯ ಡಿಕ್ಕಿಯದ್ದೇ ಎಂದು ತೋರಿಸುವುದು ಹೇಗೆ? ಅದಕ್ಕೇ ಮಾಡ್ಯೂಲ್ ಕಾರಿನಲ್ಲೇ ಇರಬೇಕು, ಬಿಚ್ಚುವುದಾದರೆ ಪೊಲೀಸರ ಎದುರು ಮಹಜರಾಗಿ, ಸೀಲ್ ಆಗಿ ಬಿಚ್ಚಬೇಕು.

ಮುಂದಿನ ಹೆಜ್ಜೆ: ಕಾರು ಕಂಪನಿಗೂ ವಿಮಾ ಕಂಪನಿಗೂ ‘ಡಿಕ್ಕಿಯ ದಾಖಲೆ ಉಳಿಸಿಡಿ’ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಓದಲು ಬಾಷ್ ಕಂಪನಿಯದ್ದೂ ಸೇರಿ ವಿಶೇಷ ಉಪಕರಣಗಳಿವೆ, ಆದರೆ ಒಂದೇ ಉಪಕರಣದಿಂದ ಎಲ್ಲ ಮಾದರಿಗಳನ್ನೂ ಓದಲು ಆಗುವುದಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕೊಡುವುದಾದರೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ವಕೀಲರಿಗೆ ಇದು ಗೊತ್ತಿರುತ್ತದೆ. ಹ್ಞಾಂ, ಒಂದು ಮಾತು. ಡಬ್ಬಿ ನೂರಿಪ್ಪತ್ತು ಎಂದೇ ಹೇಳಿಬಿಟ್ಟರೆ? ತೆಗೆಸುವ ಮುಂಚೆ ತಮ್ಮನನ್ನು ಕೂರಿಸಿಕೊಂಡು ಇನ್ನೊಮ್ಮೆ ಕೇಳಿ.

ಪ್ರಶ್ನೆ: ನಂದು ಎರಡು ಟೂರಿಸ್ಟ್ ಬಸ್ ಇವೆ. ಜಿಪಿಎಸ್ ಮತ್ತು ಪ್ಯಾನಿಕ್ ಬಟನ್ ಹಾಕಿಸಿದ್ದೇನೆ. ಇದೇ ಬ್ಲ್ಯಾಕ್ ಬಾಕ್ಸ್ ಅಲ್ವಾ?
– ಹಿರಿಯೂರಿನ ಓದುಗರು

ಉತ್ತರ: ಅಲ್ಲ. ನೀವು ಹಾಕಿಸಿರುವುದು ಎಐಎಸ್-140 ಮಾನಕದ್ದು. ಬಸ್ಸು ಎಲ್ಲಿದೆ ಎಂದು ಅದು ಹೇಳುತ್ತದೆ. ಕೊನೆಯ ಕ್ಷಣದಲ್ಲಿ ಡ್ರೈವರು ಬ್ರೇಕ್ ಒತ್ತಿದನಾ ಎಂದು ಹೇಳುವುದು ಅದರ ಕೆಲಸವಲ್ಲ.

ಬಸ್ಸು, ಲಾರಿಗೆ ಕಾರಿನ ಲೆಕ್ಕ ಹೊಂದುವುದೂ ಇಲ್ಲ. 15 ಟನ್ನಿನ ಬಸ್ಸು ಅರವತ್ತರಲ್ಲಿ ಹೋಗಿ ನಿಂತಿರುವ ಒಂದು ಟನ್ನಿನ ಕಾರಿಗೆ ಗುದ್ದಿತು ಎನ್ನಿ. ಕಾರು ನಜ್ಜುಗುಜ್ಜು. ಬಸ್ಸಿನ ವೇಗ ಇಳಿಯುವುದು ಸುಮಾರು 4 ಕಿ.ಮೀ. ಮಾತ್ರ. 8ರ ಗಡಿ ಇಟ್ಟರೆ ಡಬ್ಬಿಗೆ ಏನೂ ಆಗಿಯೇ ಇಲ್ಲ! ಅದಕ್ಕೇ ಭಾರಿ ವಾಹನಗಳಿಗೆ ಜಿನೀವಾದಲ್ಲಿ ಬೇರೆಯೇ 169ನೇ ನಿಯಮ ಬರೆದರು. ನಮ್ಮ ರಸ್ತೆಗೆ ಇದೇ ಲೆಕ್ಕ ಕಾರಿನಲ್ಲೂ ಕೈಕೊಡುತ್ತದೆ. 1200 ಕಿಲೋದ ಕಾರು ಅರವತ್ತರಲ್ಲಿ ಹೋಗುತ್ತಾ 70 ಕಿಲೋದ ಮನುಷ್ಯನಿಗೆ ಬಡಿದರೆ ಕಾರಿನ ವೇಗ 3 ಕಿ.ಮೀ. ಚಿಲ್ಲರೆ ಕಡಿಮೆಯಾಗುತ್ತದೆ, ಅಷ್ಟೇ. ಪಾದಚಾರಿ ಸತ್ತರೂ ಡಬ್ಬಿ ನಿದ್ದೆ ಮಾಡುತ್ತಿರಬಹುದು. ಡಿಕ್ಕಿಯಾದಾಗ ಬಾನೆಟ್ ಮೇಲೇಳುವಂಥ ಪಾದಚಾರಿ ರಕ್ಷಣೆಯ ವ್ಯವಸ್ಥೆ ಇರುವ ಕಾರಿನಲ್ಲಿ ಅದು ಕೆಲಸ ಮಾಡಿದರೂ ದಾಖಲೆಯಾಗಬೇಕು ಎನ್ನುತ್ತದೆ 160ನೇ ನಿಯಮ. ಆದರೆ ಅಂಥ ಕಾರು ನಮ್ಮ ಕಡೆ ಎಷ್ಟಿವೆ ಹೇಳಿ? ಬೈಕು, ಸೈಕಲ್ಲು, ನಡೆದು ಹೋಗುವವರು ತುಂಬಿರುವ ದೇಶ ನಿಯಮ ಬರೆಯುವಾಗ ಯುರೋಪಿನದ್ದನ್ನು ಹಾಗೇ ಇಳಿಸಿಕೊಂಡರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಪ್ರಶ್ನೆ: ಕಾರಿನಲ್ಲಿ ನಾವು ಮಾತಾಡಿದ್ದೆಲ್ಲ ಆ ಡಬ್ಬಿಯಲ್ಲಿ ರೆಕಾರ್ಡ್ ಆಗುತ್ತಾ?
– ಹರಿಹರದ ಓದುಗರು

ಉತ್ತರ: ಇಲ್ಲ. ಅದಕ್ಕೆ ಮೈಕ್ ಇಲ್ಲ. ಡ್ಯಾಶ್‌ಕ್ಯಾಮ್ ಹಾಕಿಸಿದ್ದರೆ ಅದರಲ್ಲಿ ಇರಬಹುದು, ಸೆಟ್ಟಿಂಗ್ಸಿಗೆ ಹೋಗಿ ಆಫ್ ಮಾಡಿಕೊಳ್ಳಿ.