ಅಂಗೈಯ ಜಡ್ಡು, ದನದ ಗೊರಸು, ಪಾರ್ಲರಿನ ಕೆರಾಟಿನ್

ಪ್ರಶ್ನೆ: ತೋಟದಲ್ಲಿ ಕಾಡು ಕಡಿಯಲು ಹೊಸದಾಗಿ ಬಂದವರಿಗೆ ಕತ್ತಿ ಹಿಡಿದ ದಿನವೇ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಹಳಬರ ಕೈ ಜಡ್ಡುಗಟ್ಟಿರುತ್ತದೆ, ಏನೂ ಆಗುವುದಿಲ್ಲ. ಇದು ಕೆರಾಟಿನ್ ಮಹಿಮೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: ಹೆಚ್ಚುಕಡಿಮೆ ಹೌದು. ಕೆರಾಟಿನ್ ಒಂದು ಪ್ರೋಟೀನು, ಹೆಸರೆತ್ತಿದೊಡನೆ ಉಗುರು, ಕೂದಲು ನೆನಪಾಗುತ್ತವೆ. ಆದರೆ ಚರ್ಮದ ಬದುಕಿರುವ ಕೋಶಗಳಲ್ಲೂ ಅದು ಎಳೆಗಳ ಜಾಲವಾಗಿ ಹರಡಿರುತ್ತದೆ. ಎಳೆಯ ದಪ್ಪ ಸುಮಾರು 10 ನ್ಯಾನೊಮೀಟರ್. ಆಮ್ಲೀಯ ಗುಂಪಿನದೊಂದು, ಪ್ರತ್ಯಾಮ್ಲೀಯ ಗುಂಪಿನದೊಂದು ಪ್ರೋಟೀನು ಜೊತೆಗೂಡದೆ ಎಳೆ ಹುಟ್ಟುವುದಿಲ್ಲ. ಕೆರಾಟಿನ್ ಬಗೆಗಳನ್ನು ‘ಕೆ’ ಅಕ್ಷರದ ಜೊತೆ ಸಂಖ್ಯೆ ಕೊಟ್ಟು ಗುರುತಿಸುತ್ತಾರೆ: ಚರ್ಮದ ತಳದ ಪದರದಲ್ಲಿ ಕೆ5 ಮತ್ತು ಕೆ14, ಅದರ ಮೇಲೆ ಕೆ1 ಮತ್ತು ಕೆ10. ಅಂಗೈ, ಅಂಗಾಲಿಗೆಂದೇ ಕೆ9 ಬೇರೆ. ಜೋಡಿ ಹಗ್ಗದಂತೆ ಹೊಸೆದುಕೊಳ್ಳುತ್ತದೆ, ಅಂಥ ಎರಡು ಜೋಡಿ ತಿರುಗುಮುರುಗಾಗಿ ಪಕ್ಕಪಕ್ಕ ಸೇರುತ್ತವೆ. ಹಾಗಾಗಿ ಎಳೆಗೆ ಹಿಂದು ಮುಂದು ಇಲ್ಲ. ಕೋಶದೊಳಗಿನ ಸಾಗಾಣಿಕೆಗೆ ಅದು ದಾರಿಯಾಗದು. ಎಳೆತ ತಡೆಯುವುದೇ ಅದರ ಮುಖ್ಯ ಕೆಲಸ.

ಎಳೆಗಳ ತುದಿ ಕೋಶದ ಅಂಚಿನ ಡೆಸ್ಮೋಸೋಮ್ ಎಂಬ ಬೆಸುಗೆಗಳಿಗೆ ಕಟ್ಟಿಕೊಂಡಿರುತ್ತದೆ. ಒಂದು ಕೋಶಕ್ಕೆ ಬಿದ್ದ ಎಳೆತ ಅಕ್ಕಪಕ್ಕದವಕ್ಕೂ ಹಂಚಿಹೋಗುತ್ತದೆ. ಹಿಡಿಯ ತಿಕ್ಕಾಟ ಮಿತಿ ಮೀರಿದಾಗ ನಡುವಿನ ಪದರದ ಕೋಶಗಳು ಹರಿದು, ಆ ಸೀಳಿನಲ್ಲಿ ನೀರು ತುಂಬುತ್ತದೆ. ಅದೇ ಬೊಬ್ಬೆ. ಕೆ5 ಅಥವಾ ಕೆ14ರ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ತಳದ ಕೋಶವೇ ಹರಿಯುತ್ತದೆ. ಬಟ್ಟೆ ತಿಕ್ಕಿದಷ್ಟಕ್ಕೇ ಮಗುವಿಗೆ ಮತ್ತೆ ಮತ್ತೆ ಬೊಬ್ಬೆ ಬಂದರೆ ಚರ್ಮರೋಗ ತಜ್ಞರಿಗೆ ತೋರಿಸಿ, ಇದು ಅಂಟುರೋಗವಲ್ಲ.

ಬಿಟ್ಟು ಬಿಟ್ಟು ಒತ್ತಡ ಬಿದ್ದರೆ ಕೆರಾಟಿನ್ ತುಂಬಿದ ಸತ್ತ ಕೋಶಗಳ ಮೇಲ್ಪದರ ದಪ್ಪವಾಗುತ್ತದೆ. ಜಡ್ಡು ಎಂದರೆ ಇದೇ. ಬರಲು ವಾರಗಳು ಬೇಕು. ಅಲ್ಲಿಯವರೆಗೆ ಕೈಗವಸು ಇರಲಿ. ಹಿಡಿತ ಸಿಗುವುದಿಲ್ಲ ಎನ್ನುವವರು ಹಿಡಿಗಾದರೂ ಬಟ್ಟೆ ಸುತ್ತಲಿ. ಬೊಬ್ಬೆಯ ಸಿಪ್ಪೆ ಕೀಳಬೇಡಿ. ದೊಡ್ಡದಾಗಿ ನೋಯುತ್ತಿದ್ದರೆ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಸಿಯಿರಿ. ಸಕ್ಕರೆ ಕಾಯಿಲೆಯವರು ಅದನ್ನೂ ಮಾಡಬಾರದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹಸುಗಳು ಕುಂಟುತ್ತವೆ. ಗೊರಸು ಗಟ್ಟಿಯಾಗಲು ಏನು ಕೊಡಬೇಕು?
– ಓದುಗರು, ಪೊನ್ನಂಪೇಟೆ

ಉತ್ತರ: ಕೊಡುವುದಕ್ಕಿಂತ ಮೊದಲು ಕೊಟ್ಟಿಗೆ ಒಣಗಿಸಿ. ಗೊರಸಿನ ಕೆರಾಟಿನ್ ಎಳೆಗಳನ್ನು ಗಂಧಕದ ಬಂಧಗಳು ಬಿಗಿದಿರುತ್ತವೆ; ಆದರೂ ದಿನಗಟ್ಟಲೆ ಸಗಣಿ ನೀರಿನಲ್ಲಿ ನಿಂತರೆ ಅದು ನೀರು ಹೀರಿ ಮೆತ್ತಗಾಗುತ್ತದೆ. ಗೊರಸಿನ ಸಂದಿ ತೊಳೆದು, 10 ಲೀಟರ್ ನೀರಿಗೆ 1 ಕೆಜಿ ಸತುವಿನ ಸಲ್ಫೇಟ್ ಕರಗಿಸಿ ಅದರಲ್ಲಿ ಕಾಲು ನಿಲ್ಲಿಸಿ. ತೊಳೆಯದೆ ನಿಲ್ಲಿಸಿದರೆ ಸಗಣಿಯೇ ಔಷಧಿಯನ್ನು ಕೆಡಿಸುತ್ತದೆ. ಆ ನೀರನ್ನು ದನ ಕುಡಿಯದಂತೆ ನೋಡಿಕೊಳ್ಳಿ. ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ಕೊಡುವುದುಂಟು, ಆದರೆ ಅದು ಹೊಸದಾಗಿ ಬೆಳೆಯುವ ಗೊರಸಿಗೆ ಮಾತ್ರ. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿಲಿಮೀಟರ್, ಹಾಗಾಗಿ ಈ ಮಳೆಗಾಲಕ್ಕೆ ನೆಚ್ಚಬೇಡಿ. ಸಂದಿ ಊದಿ ನಾರುತ್ತಿದ್ದರೆ ಪಶುವೈದ್ಯರನ್ನು ಕರೆಸಿ.

ಪ್ರಶ್ನೆ: ಪಾರ್ಲರಿನ ಕೆರಾಟಿನ್ ಟ್ರೀಟ್‌ಮೆಂಟಿನಿಂದ ಕೂದಲಿಗೆ ಹೊಸ ಕೆರಾಟಿನ್ ಸೇರುತ್ತದೆಯೇ?
– ಓದುಗರು, ಕುಶಾಲನಗರ

ಉತ್ತರ: ಇಲ್ಲ. ಎಳೆ ಹೊಸೆಯುವುದು ಬುಡದಲ್ಲಿರುವ ಜೀವಂತ ಕೋಶಗಳು. ಹೊರಬಂದ ಕೂದಲು ಸತ್ತದ್ದು. ಹಚ್ಚುವ ಕೆರಾಟಿನ್ ಚೂರುಗಳು ಬಹುಪಾಲು ಮೇಲೆ ಅಂಟಿಕೊಂಡಿರುತ್ತವೆ. ಕೂದಲನ್ನು ನೇರ ಮಾಡುವುದು ಬಿಸಿ ಇಸ್ತ್ರಿ ಮತ್ತು ರಾಸಾಯನಿಕ. ಕೆಲವದರಲ್ಲಿ ಕಣ್ಣು ಉರಿಸುವ ಫಾರ್ಮಾಲ್ಡಿಹೈಡ್ ಇರುತ್ತದೆ ಅಥವಾ ಕಾಯಿಸಿದಾಗ ಹೊರಬರುತ್ತದೆ. ಕಣ್ಣು ಉರಿದರೆ ಕುರ್ಚಿಯಿಂದ ಎದ್ದು ಹೊರಬನ್ನಿ.