ಕಣ್ಣು ಮಂದವಿರುವ ತಮ್ಮ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲ್ ಆಗಿದ್ದಾನೆ: ಮುಂದೆ ಓದು, ಕೆಲಸ ಆಗುತ್ತಾ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಶಹಾಪುರ ತಾಲ್ಲೂಕಿನ ಹಳ್ಳಿ. ತಮ್ಮನಿಗೆ ಹದಿನೇಳು ವರ್ಷ. ಹುಟ್ಟಿನಿಂದ ಎರಡೂ ಕಣ್ಣು ಮಂದ, ಕನ್ನಡಕ ಹಾಕಿದರೂ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದೇ ಓದುತ್ತಾನೆ. ಊರಿನ ಸರ್ಕಾರಿ ಸಾಲಿಯಲ್ಲಿ ಓದಿ ಗಣಿತ ಒಂದರಲ್ಲಿ ಫೇಲಾಗಿ, ಒಂದು ವರ್ಷದಿಂದ ಮನೆಯಲ್ಲಿದ್ದಾನೆ. ಓದಿಸೋದಾ, ಪಿಂಚಣಿ ಮಾಡಿಸಿ ಅಂಗಡಿ ಹಾಕಿಕೊಡೋದಾ ಅಂತ ಕೇಳಿದ್ದೀರಿ.

ಓದಿಸಿ. ಪಿಂಚಣಿಗೂ ಓದಿಗೂ ಬೇಕಾದ ಕಾಗದ ಒಂದೇ, ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕಾಗಿಲ್ಲ. ಆದರೆ ಅದಕ್ಕೂ ಮೊದಲು ತಮ್ಮನನ್ನು ಕೂರಿಸಿಕೊಂಡು ಒಂದು ಮಾತು ಕೇಳಿ: ಆ ಗಣಿತ ಪರೀಕ್ಷೆಯನ್ನು ಅವನು ಹೇಗೆ ಬರೆದ? ಹೆಚ್ಚುವರಿ ಸಮಯ ಕೊಟ್ಟಿದ್ದರಾ? ಪ್ರಶ್ನೆ ಓದಿ ಹೇಳುವವರು ಇದ್ದರಾ? ಉಳಿದೆಲ್ಲ ವಿಷಯ ಪಾಸಾಗಿ ಗಣಿತದಲ್ಲಿ ಮಾತ್ರ ಸಿಕ್ಕಿಬಿದ್ದವನಿಗೆ ತಲೆ ಸಾಲಲಿಲ್ಲ ಅನ್ನೋದಕ್ಕಿಂತ ಹೊತ್ತು ಸಾಲಲಿಲ್ಲ ಅನ್ನೋದೇ ಹೆಚ್ಚು ಸಂಭವ. ಕನ್ನಡ ಪತ್ರಿಕೆಯಲ್ಲಿ ಒಂದಕ್ಷರ ತಪ್ಪಿ ಓದಿದರೆ ಮುಂದಿನ ಪದ ಅದನ್ನು ತಿದ್ದುತ್ತದೆ. ಗಣಿತದಲ್ಲಿ 3 ಅನ್ನು 8 ಅಂತ ಓದಿದರೆ ತಿದ್ದುವಂಥದ್ದು ಆ ಹಾಳೆಯಲ್ಲಿ ಏನೂ ಇರುವುದಿಲ್ಲ.

ಕಾಗದದ ಕೆಲಸ ಮೊದಲು ಮುಗಿಸಿ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬೇಕಾಗಿರುವುದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮತ್ತು ಅದರ ಜೊತೆಗಿನ ಅಂಗವೈಕಲ್ಯ ಪ್ರಮಾಣಪತ್ರ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆ ಆರಿಸುವ ಜಾಗದಲ್ಲಿ ಯಾದಗಿರಿಯ ಜಿಲ್ಲಾ ಆಸ್ಪತ್ರೆಯನ್ನು ಆರಿಸಿ, ಬರುವ ನೋಂದಣಿ ಸಂಖ್ಯೆಯ ಚೀಟಿ ತೆಗೆದಿಟ್ಟುಕೊಳ್ಳಿ. ಅರ್ಜಿ ತುಂಬಲು ಸೈಬರ್ ಅಂಗಡಿಯೇ ಆಗಬೇಕೆಂದಿಲ್ಲ. ನಿಮ್ಮ ಗ್ರಾಮ ಪಂಚಾಯ್ತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ವಿಆರ್‌ಡಬ್ಲ್ಯು ಅಂತ ಕರೆಯುತ್ತಾರೆ. ಅವರೂ ವಿಕಲಚೇತನರೇ ಆಗಿರುತ್ತಾರೆ, ಈ ದಾರಿ ತುಳಿದವರು. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು ಇದ್ದಾರೆ. ಇಬ್ಬರ ನಂಬರನ್ನೂ ಪಂಚಾಯ್ತಿಯಲ್ಲೇ ಕೇಳಿ ತೆಗೆದುಕೊಳ್ಳಿ.

ತಪಾಸಣೆಯಲ್ಲಿ ಏನು ಅಳೆಯುತ್ತಾರೆ ಅನ್ನೋದು ಗೊತ್ತಿದ್ದರೆ ಅರ್ಧ ಗೊಂದಲ ಇರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿಸಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ ಇದ್ದು 3/60ರವರೆಗೆ ಇದ್ದರೆ ಅದು ಮಂದದೃಷ್ಟಿ. 3/60ಕ್ಕಿಂತಲೂ ಕಡಿಮೆಯಾದರೆ ಅಂಧತ್ವ. 6/60 ಅಂದರೆ ಬೇರೆಯವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವನು 6 ಮೀಟರ್ ಹತ್ತಿರ ಬಂದು ಓದಬೇಕು ಅಂತ. ಲೆಕ್ಕಕ್ಕೆ ಬರುವುದು ಎರಡರಲ್ಲಿ ಚೆನ್ನಾಗಿರುವ ಕಣ್ಣು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದವರಿಗೆ ಅಂಗವೈಕಲ್ಯದ ಪ್ರಮಾಣ ಶೇ 30 ಮಾತ್ರ ಸಿಗುವುದೂ, ಮೀಸಲಾತಿಗೆ ಬೇಕಾದ ಶೇ 40 ಮುಟ್ಟದೆ ಇರುವುದೂ ಇದೇ ಕಾರಣಕ್ಕೆ. ಹಾಗಾಗಿ ತಮ್ಮನನ್ನು ಕನ್ನಡಕ ಬಿಟ್ಟು ಕರೆದುಕೊಂಡು ಹೋಗಿ ಪ್ರಯೋಜನವಿಲ್ಲ, ಕನ್ನಡಕ ಹಾಕಿಸಿಯೇ ಅಳೆಯುತ್ತಾರೆ. ಹಳೆಯ ಕಣ್ಣಿನ ಚೀಟಿಗಳು, ಚಿಕ್ಕಂದಿನ ಆಪರೇಷನ್ ಕಾಗದ ಇದ್ದರೆ ಎಲ್ಲವನ್ನೂ ಒಯ್ಯಿರಿ. ಎದುರಿನದು ಕಂಡು ಪಕ್ಕದ್ದು ಕಾಣುವುದಿಲ್ಲ, ಕತ್ತಲಾದರೆ ಓಡಾಡಲು ಆಗುವುದಿಲ್ಲ ಅನ್ನುವಂಥ ತೊಂದರೆ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಅದಕ್ಕೆ ದೃಷ್ಟಿಯ ವಿಸ್ತಾರ ಅಳೆಯುವ ಬೇರೆ ಪರೀಕ್ಷೆ ಇದೆ, ಅದರ ಯಂತ್ರವಿಲ್ಲದ ಕಡೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಕಾರ್ಡಿನ ಬಣ್ಣ ನೋಡಿದರೆ ಪ್ರಮಾಣ ತಿಳಿಯುತ್ತದೆ: ಶೇ 40ಕ್ಕಿಂತ ಕಡಿಮೆ ಬಿಳಿ, ಶೇ 40ರಿಂದ 80ರೊಳಗೆ ಹಳದಿ, ಶೇ 80 ಮತ್ತು ಮೇಲ್ಪಟ್ಟು ನೀಲಿ.

ಈ ಹಂತದಲ್ಲಿ ಕೆಡುವುದು ಹೆಚ್ಚಾಗಿ ಹೆಸರು. ಸಾಲಿ ದಾಖಲೆಯಲ್ಲಿ ಬಸವರಾಜ, ಆಧಾರ್‌ನಲ್ಲಿ ಬಸಪ್ಪ. ಒಂದರಲ್ಲಿ ತಂದೆ ಹೆಸರು ಮುಂದೆ, ಇನ್ನೊಂದರಲ್ಲಿ ಮನೆತನದ ಹೆಸರು ಹಿಂದೆ. ಯುಡಿಐಡಿ ಆಧಾರ್‌ನ ಹೆಸರನ್ನೇ ಎತ್ತಿಕೊಳ್ಳುತ್ತದೆ, ನೌಕರಿಯ ಅರ್ಜಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಕೇಳುತ್ತದೆ. ಅಂಕಪಟ್ಟಿ ತಿದ್ದಿಸುವುದು ವರ್ಷದ ಕೆಲಸ, ಆಧಾರ್ ತಿದ್ದಿಸುವುದು ಸುಲಭ. ಆದ್ದರಿಂದ ಮೊದಲು ಆಧಾರನ್ನು ಸಾಲಿ ದಾಖಲೆಗೆ ಹೊಂದಿಸಿ, ಆಮೇಲೆ ಯುಡಿಐಡಿಗೆ ಕೈಹಾಕಿ.

ಇನ್ನು ಗಣಿತ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಪುನರಾವರ್ತಿತ ವಿದ್ಯಾರ್ಥಿಯಾಗಿ ಅವನ ಹಳೇ ಸಾಲಿಯಿಂದಲೇ ಕಟ್ಟಬಹುದು. ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, ಒಳ್ಳೆಯ ವ್ಯವಸ್ಥೆಯೇ. ಆದರೆ ಒಂದೇ ವಿಷಯ ಉಳಿದಿರುವವನಿಗೆ ಹಳೇ ಸಾಲಿಯೇ ಮೇಲು ಅಂತ ನನ್ನ ಅಭಿಪ್ರಾಯ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಶೇ 25, ಕನ್ನಡ ಮಾಧ್ಯಮ ಶೇ 5 ಮೀಸಲಾತಿ ಇದೆ. ಆ ಪ್ರಮಾಣಪತ್ರ ಬರೆದುಕೊಡಬೇಕಾದವರು ಅದೇ ಸಾಲಿಯ ಮುಖ್ಯೋಪಾಧ್ಯಾಯರು, ದಾಖಲೆ ಎಲ್ಲ ಒಂದೇ ಕಡೆ ಇದ್ದಷ್ಟು ಒಳ್ಳೆಯದು.

ಗಣಿತದ ಬದಲು ಸಮಾಜಶಾಸ್ತ್ರ ಬರೆಯಬಹುದಂತೆ ಅಂತ ಯಾರಾದರೂ ಹೇಳಬಹುದು. ಸುಳ್ಳಲ್ಲ, ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರ ಇರುವುದು ಇಂಥ ಮಕ್ಕಳಿಗಾಗಿ. ಆದರೂ ಪಾಸಾಗುವಷ್ಟು ಹತ್ತಿರ ಬಂದಿದ್ದರೆ ಗಣಿತವನ್ನೇ ಬರೆಸಿ. ಬ್ಯಾಂಕ್ ಪರೀಕ್ಷೆಯಿಂದ ಹಿಡಿದು ಎಲ್ಲ ಕಡೆ ಲೆಕ್ಕ ಎದುರಾಗುತ್ತದೆ, ಇಲ್ಲಿ ಬಿಟ್ಟವನು ಅಲ್ಲಿ ಮೊದಲಿನಿಂದ ಕಲಿಯಬೇಕು.

ಪರೀಕ್ಷೆಯಲ್ಲಿ ಅವನಿಗೆ ಸಿಗಬೇಕಾದ್ದು: ಗಂಟೆಗೆ 20 ನಿಮಿಷದಂತೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು. ಜೊತೆಗೆ ಬರೆಯಲು ಲಿಪಿಕಾರ, ಅಥವಾ ಓದಿ ಹೇಳಲು ಮಾತ್ರ ಒಬ್ಬರು. ಲಿಪಿಕಾರ ಬೇಡ ಅಂದರೂ ಆ ಹೆಚ್ಚಿನ ಸಮಯ ಕೈತಪ್ಪುವುದಿಲ್ಲ. ಇದು ಬಹಳ ಮಂದಿಗೆ ಗೊತ್ತಿಲ್ಲ. ಒಂದುವೇಳೆ ಪ್ರಮಾಣ ಶೇ 40 ಮುಟ್ಟದಿದ್ದರೂ, ಬರೆಯಲು ತೊಂದರೆಯಿದೆ ಅಂತ ವೈದ್ಯರ ಪ್ರಮಾಣಪತ್ರ ಇದ್ದರೆ ಲಿಪಿಕಾರ ಕೇಳಬಹುದು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೀಗೆಂದು ತೀರ್ಪು ಕೊಟ್ಟಿದೆ. ಇದನ್ನೆಲ್ಲ ಪರೀಕ್ಷೆಯ ದಿನ ಕೇಳಿದರೆ ಆಗುವುದಿಲ್ಲ. ಪರೀಕ್ಷೆಗೆ ಅರ್ಜಿ ತುಂಬುವಾಗಲೇ ಮುಖ್ಯೋಪಾಧ್ಯಾಯರ ಕೈಗೆ ಲಿಖಿತ ಮನವಿ, ಪ್ರಮಾಣಪತ್ರದ ನಕಲು ಕೊಟ್ಟು, ಅದು ಬಿಇಒ ಕಚೇರಿಗೆ ಹೋಯಿತಾ ಅಂತ ಹಿಂದೆ ಬಿದ್ದು ನೋಡಬೇಕು. ಶಹಾಪುರದ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಮುಖ್ಯೋಪಾಧ್ಯಾಯರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ.

ನನ್ನ ಸಲಹೆ: ತಮ್ಮನಿಗೆ ಇರುವ ಕಣ್ಣಲ್ಲಿ ದಪ್ಪ ಕಪ್ಪು ಪೆನ್ನಿನಲ್ಲಿ ಬರೆಯಲು ಬರುತ್ತದಾದರೆ ಗಣಿತವನ್ನು ತಾನೇ ಬರೆಯಲಿ, ಪ್ರಶ್ನೆ ಓದಲು ಮಾತ್ರ ಜನ ಇರಲಿ. ಲಿಪಿಕಾರನೇ ಬೇಕಾದರೆ ಕನಿಷ್ಠ ಹತ್ತು ಪತ್ರಿಕೆಗಳನ್ನು ಹಾಗೆಯೇ ಹೇಳಿ ಬರೆಸಿ ಅಭ್ಯಾಸ ಮಾಡಬೇಕು. ಲೆಕ್ಕ ಹೇಳಿ ಬರೆಸುವುದು ಒಂದು ಬೇರೆಯೇ ವಿದ್ಯೆ. ವರ್ಗಸಮೀಕರಣದ ಸೂತ್ರವನ್ನೇ ನೋಡಿ. "ಮೈನಸ್ ಬಿ ಪ್ಲಸ್ ಆರ್ ಮೈನಸ್ ರೂಟ್ ಬಿ ಸ್ಕ್ವೇರ್ ಮೈನಸ್ ನಾಲ್ಕು ಎಸಿ ಬೈ ಎರಡು ಎ" ಅಂತ ಒಂದೇ ಉಸಿರಿಗೆ ಹೇಳಿದರೆ, ಬರೆಯುವ ಒಂಬತ್ತನೇ ತರಗತಿಯ ಹುಡುಗ ವರ್ಗಮೂಲದ ಗೆರೆಯನ್ನು ಬಿ ಸ್ಕ್ವೇರ್‌ಗೇ ನಿಲ್ಲಿಸುತ್ತಾನೆ, ಭಾಗದ ಗೆರೆಯನ್ನು ನಾಲ್ಕು ಎಸಿಯ ಕೆಳಗೆ ಮಾತ್ರ ಎಳೆಯುತ್ತಾನೆ. ಉತ್ತರ ಗೊತ್ತಿದ್ದೂ ಅಂಕ ಹೋಯಿತು. ಹೀಗೆ ಹೇಳಬೇಕು: "ಉದ್ದ ಗೆರೆ ಎಳೆ. ಗೆರೆಯ ಮೇಲೆ ಮೈನಸ್ ಬಿ, ಪ್ಲಸ್ ಆರ್ ಮೈನಸ್, ರೂಟ್ ಶುರು, ಬಿ ಸ್ಕ್ವೇರ್ ಮೈನಸ್ ನಾಲ್ಕು ಎಸಿ, ರೂಟ್ ಮುಗೀತು. ಗೆರೆಯ ಕೆಳಗೆ ಎರಡು ಎ." ಪ್ರತಿ ಸಾಲು ಮುಗಿದ ಮೇಲೆ ಬರೆದದ್ದನ್ನು ಓದಿಸಿಕೊಳ್ಳಬೇಕು. ಈ ಹೆಚ್ಚಿನ ಹೊತ್ತಿಗಾಗಿಯೇ ಆ ಒಂದು ಗಂಟೆ.

ಮನೆಯಲ್ಲಿ ಓದಲು ಪುಸ್ತಕವನ್ನು ಎ4ರಿಂದ ಎ3ಗೆ ಝೆರಾಕ್ಸ್ ಮಾಡಿಸಿ. ಅಕ್ಷರ ಶೇ 141 ಆಗುತ್ತದೆ, 12 ಪಾಯಿಂಟ್ ಇದ್ದದ್ದು 17ರ ಹತ್ತಿರ ಬರುತ್ತದೆ. ಸಾಕಾ ಅಂತ ಪರೀಕ್ಷಿಸುವಾಗ ದೊಡ್ಡ ಅಕ್ಷರ ತೋರಿಸಿ ಕೇಳಬೇಡಿ, ಒತ್ತಕ್ಷರ ತೋರಿಸಿ ಕೇಳಿ. ಕನ್ನಡದಲ್ಲಿ ಒತ್ತು ಮೇಲಿನ ಅಕ್ಷರದ ಅರ್ಧದಷ್ಟೇ ಇರುತ್ತದೆ. "ಸೂತ್ರ" ಓದಿದ ಅಂದುಕೊಳ್ಳುತ್ತೀರಿ, ಅವನು ಕಂಡದ್ದು "ಸೂತ" ಮಾತ್ರ, ಉಳಿದದ್ದು ಊಹೆ. ದ–ಧ, ಪ–ಷ ಇವುಗಳ ನಡುವಿನ ಒಂದು ಸೀಳು, ಒಂದು ಗೆರೆ ಕಾಣುತ್ತದಾ ನೋಡಿ. ಕಾಣದಿದ್ದರೆ ಇನ್ನೂ ದೊಡ್ಡದು ಮಾಡಿ. ಓರೆ ಹಲಗೆಯ ಮೇಲೆ ಪುಸ್ತಕ ಇಟ್ಟರೆ ಬೆನ್ನು ಬಗ್ಗುವುದಿಲ್ಲ, ದೀಪ ಭುಜದ ಹಿಂದಿನಿಂದ ಪುಟದ ಮೇಲೆ ಬೀಳಲಿ.

ಫೋನ್, ಕಂಪ್ಯೂಟರ್ ವಿಷಯಕ್ಕೆ ಬಂದರೆ ಮನೆಯವರು ಮಾಡುವ ಒಂದು ತಪ್ಪಿದೆ. "ಅವನಿಗೆ ಸ್ವಲ್ಪ ಕಾಣುತ್ತದಲ್ಲ, ಕುರುಡರ ಸಾಫ್ಟ್‌ವೇರ್ ಯಾಕೆ" ಅಂತ ಬಿಟ್ಟುಬಿಡುತ್ತಾರೆ. ಇರುವ ದೃಷ್ಟಿಯಲ್ಲಿ ಎರಡು ಪುಟ ಓದಬಹುದು, ಇನ್ನೂರು ಪುಟ ಓದಲಾಗದು, ತಲೆನೋವು ಬಂದು ಪುಸ್ತಕ ಮುಚ್ಚುತ್ತಾನೆ. ಕಿವಿಯಿಂದ ಓದುವುದನ್ನು ಈಗಲೇ ಕಲಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇದ್ದೇ ಇದೆ, ಕನ್ನಡ ಧ್ವನಿಯೂ ಇದೆ. ಅಚ್ಚಾದ ಪುಟವನ್ನು ಗೂಗಲ್ ಲೆನ್ಸ್‌ನಲ್ಲಿ ಹಿಡಿದರೆ ಕನ್ನಡವನ್ನು ಗುರುತಿಸುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪೂರ್ತಿ ಉಚಿತ, ಕನ್ನಡ ಓದುತ್ತದೆ. ವಿಂಡೋಸ್ ಬಟನ್ ಜೊತೆ ಪ್ಲಸ್ ಒತ್ತಿದರೆ ಪರದೆ ದೊಡ್ಡದಾಗುತ್ತದೆ, ಕಂಟ್ರೋಲ್, ಆಲ್ಟ್, ಐ ಮೂರೂ ಒಟ್ಟಿಗೆ ಒತ್ತಿದರೆ ಬಣ್ಣ ತಿರುವುಮುರುವಾಗಿ ಕಪ್ಪಿನ ಮೇಲೆ ಬಿಳಿ ಬರುತ್ತದೆ, ಕಣ್ಣು ಕುಕ್ಕುವವರಿಗೆ ಇದು ದೊಡ್ಡ ಆರಾಮ.

ಎನ್‌ವಿಡಿಎ ಹಾಕಿದ ಮೇಲೆ "ಕನ್ನಡ ಓದ್ತಿಲ್ಲ, ಏನೇನೋ ಇಂಗ್ಲಿಷ್ ಒದರ್ತದ" ಅಂತ ಬಂದರೆ ಸಾಫ್ಟ್‌ವೇರ್ ಕೆಟ್ಟಿಲ್ಲ. ಆ ಕಡತ ಹಳೆಯ ನುಡಿ ಫಾಂಟ್‌ನಲ್ಲಿದೆ. ಅದರಲ್ಲಿ ಕನ್ನಡದ ಆಕಾರ ಕಣ್ಣಿಗೆ ಮಾತ್ರ, ಒಳಗೆ ಇರುವುದು ಇಂಗ್ಲಿಷ್ ಸಂಕೇತ. ಯುನಿಕೋಡ್‌ಗೆ ಪರಿವರ್ತಿಸಿದರೆ ಓದುತ್ತದೆ, ಟೈಪಿಂಗ್ ಕಲಿಯುವಾಗಲೂ ಯುನಿಕೋಡ್‌ನಲ್ಲೇ ಕಲಿಯಲಿ. ಅಧಿಸೂಚನೆಗಳ ಪಿಡಿಎಫ್ ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಅಕ್ಷರವಾಗಿ ಬರುತ್ತದೆ.

ಹಣ: ಒಂಬತ್ತನೇ ತರಗತಿಯಿಂದ ಮೇಲೆ ಕೇಂದ್ರದ ವಿದ್ಯಾರ್ಥಿವೇತನ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ, ರಾಜ್ಯದ್ದು ಎಸ್‌ಎಸ್‌ಪಿಯಲ್ಲಿ. ಮಂಜೂರಾಗಿಯೂ ದುಡ್ಡು ಬರಲಿಲ್ಲ ಅಂದರೆ ಬಹುತೇಕ ಖಾತೆಗೆ ಎನ್‌ಪಿಸಿಐ ಜೋಡಣೆ, ಅಂದರೆ ಸರ್ಕಾರದ ಹಣ ಆಧಾರ್ ಮೂಲಕ ಖಾತೆಗೆ ಬರಲು ಬೇಕಾದ ಜೋಡಣೆ, ಆಗಿರುವುದಿಲ್ಲ. ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆ" ಅನ್ನುವುದು ಬೇರೆ, ಎನ್‌ಪಿಸಿಐ ಸೀಡಿಂಗ್ ಬೇರೆ, ಎರಡನೆಯದನ್ನೇ ಹೆಸರು ಹೇಳಿ ಕೇಳಿ. ಕಲ್ಯಾಣ ಕರ್ನಾಟಕ ಸಾರಿಗೆಯ ವಿಕಲಚೇತನರ ರಿಯಾಯಿತಿ ಪಾಸ್ ಊರಿನಿಂದ 100 ಕಿ.ಮೀ. ಒಳಗೆ ನಡೆಯುತ್ತದೆ, ಪೂರ್ಣ ಅಂಧರಿಗೆ ಉಚಿತ ಪಾಸೇ ಇದೆ, ಅರ್ಜಿ ಸೇವಾ ಸಿಂಧುವಿನಲ್ಲಿ. ಪಂಚಾಯ್ತಿಯಲ್ಲಿ ವಿಕಲಚೇತನರಿಗೆ ಅಂತ ಶೇ 5ರ ಅನುದಾನ ಎತ್ತಿಡಬೇಕು, ಗ್ರಾಮಸಭೆಯಲ್ಲಿ ಬರಹದಲ್ಲಿ ಕೇಳಿ.

ಸರ್ಕಾರಿ ಕೆಲಸದ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಕಾಯ್ದೆ ಕೊಡುವುದು ಕನಿಷ್ಠ ಶೇ 4, ಅದರಲ್ಲಿ ಅಂಧರು ಮತ್ತು ಮಂದದೃಷ್ಟಿಯವರ ಪಾಲು ಶೇ 1. ಅಂದರೆ ನೂರು ಹುದ್ದೆಗೆ ಒಂದು. ಆದರೆ ನಿಮ್ಮವನಿಗೆ ಇನ್ನೊಂದು ಬಲ ಇದೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ, ಅಂದರೆ ಈ ಭಾಗದ ಕಚೇರಿಗಳ ಹುದ್ದೆಗಳಲ್ಲಿ, ಗ್ರೂಪ್ ಎ ಮತ್ತು ಬಿಗೆ ಶೇ 75, ಸಿಗೆ ಶೇ 80, ಡಿಗೆ ಶೇ 85 ಹುದ್ದೆ ಇಲ್ಲಿಯವರಿಗೇ. ಅಂಗವಿಕಲ ಮೀಸಲಾತಿ ಅದರೊಳಗೇ ಸಮತಲವಾಗಿ, ಅಂದರೆ ಪ್ರತಿ ಜಾತಿ ವರ್ಗದ ಪಾಲಿನೊಳಗೇ, ಬರುತ್ತದೆ. ಹಾಗಾಗಿ ರಾಜ್ಯವಿಡೀ ಸ್ಪರ್ಧಿಸುವ ಬದಲು ಈ ಭಾಗದವರೊಳಗೆ ಮಾತ್ರ ಸ್ಪರ್ಧೆ. ಅದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಯಾದಗಿರಿ ಜಿಲ್ಲೆಗೆ ಆ ಕಚೇರಿ ಯಾದಗಿರಿಯಲ್ಲಿದೆ. 371ಜೆ, ಗ್ರಾಮೀಣ, ಕನ್ನಡ ಮಾಧ್ಯಮ, ಜಾತಿ, ಅಂಗವಿಕಲ ಎಲ್ಲ ಪ್ರಮಾಣಪತ್ರಗಳ ತಾರೀಖು ಅರ್ಜಿಯ ಕೊನೆಯ ದಿನದೊಳಗಿರಬೇಕು. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದು ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋಗುವುದು ಈ ತಾರೀಖಿನಲ್ಲೇ.

ಅಧಿಸೂಚನೆ ಓದುವಾಗ ಹುದ್ದೆಯ ಮುಂದೆ ಯಾವ ಅಂಗವೈಕಲ್ಯದವರಿಗೆ ಗುರುತಿಸಿದ್ದಾರೆ ಅಂತ ನೋಡಿ. ಕೇಂದ್ರದ ನೇಮಕಾತಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ: ಬಿ ಅಂದರೆ ಅಂಧರು, ಎಲ್‌ವಿ ಅಂದರೆ ಮಂದದೃಷ್ಟಿ. ಪಕ್ಕದಲ್ಲಿ ಹುದ್ದೆಗೆ ಬೇಕಾದ ಸಾಮರ್ಥ್ಯ: ಎಸ್‌ಇ ಅಂದರೆ ನೋಡುವುದು, ಆರ್‌ಡಬ್ಲ್ಯು ಓದುಬರಹ, ಎಚ್ ಕೇಳುವುದು. ಎಲ್‌ವಿ ಇಲ್ಲದ ಹುದ್ದೆಗೆ ಅರ್ಜಿ ಹಾಕಿ ವರ್ಷ ಕಳೆಯಬೇಡಿ. ಕಚೇರಿ ಸಹಾಯಕ, ಶಿಕ್ಷಕ, ಬ್ಯಾಂಕ್ ಗುಮಾಸ್ತ ಇಂಥ ಹುದ್ದೆಗಳನ್ನು ಗುರಿ ಇಡಿ. ಬ್ಯಾಂಕಿಗೆ ಯಾವುದಾದರೂ ಪದವಿ ಸಾಕು. ಪದವಿಯ ಸೀಟಿಗೂ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಶೇ 5 ಮೀಸಲು ಇದೆ.

ಪಿಯುಸಿ, ಪದವಿ ಆಗುವ ಆ ಐದು ವರ್ಷ ಬರೀ ಪರೀಕ್ಷೆಗೆ ಕಾಯಬಾರದು. ರಜೆಯಲ್ಲಿ ಬೆಂಗಳೂರಿನ ಸಮರ್ಥನಂ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳ ತರಬೇತಿ ವಿಚಾರಿಸಿ, ಸ್ಕ್ರೀನ್ ರೀಡರ್‌ನಲ್ಲಿ ಎಕ್ಸೆಲ್ ಮಾಡಬಲ್ಲವನಿಗೆ ಖಾಸಗಿಯಲ್ಲೂ ಜಾಗ ಇದೆ. ಅಂಗಡಿಯ ಯೋಚನೆ ಕೆಟ್ಟದ್ದೇನಲ್ಲ, ಸ್ವಂತ ಉದ್ಯಮಕ್ಕೆ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ, ತಯಾರಿಕೆ ಅಥವಾ ಸೇವೆಯ ಉದ್ಯಮ ಹಾಕುವ ಹಳ್ಳಿಯ ವಿಕಲಚೇತನರಿಗೆ ಯೋಜನಾ ವೆಚ್ಚದ ಶೇ 35 ಸಹಾಯಧನ ಇದೆ, ಕೈಯಿಂದ ಹಾಕಬೇಕಾದ್ದು ಶೇ 5. ಆದರೆ ಅದಕ್ಕೆ 18 ವರ್ಷ ತುಂಬಿರಬೇಕು, ಅಲ್ಲಿಯವರೆಗೆ ಹೇಗೂ ಒಂದು ವರ್ಷ ಇದೆ, ಗಣಿತ ಆ ಹೊತ್ತಿಗೆ ಮುಗಿಯಲಿ.

ಈ ವಾರ ಮಾಡಬೇಕಾದ್ದು ಎರಡೇ: ಆಧಾರ್‌ನ ಹೆಸರನ್ನೂ ಸಾಲಿಯ ದಾಖಲಾತಿ ಪುಸ್ತಕದ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು, ವಿಆರ್‌ಡಬ್ಲ್ಯು ಅವರಿಗೆ ಫೋನ್ ಮಾಡುವುದು. ಪ್ರಮಾಣಪತ್ರದಲ್ಲಿ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. ಶೇ 40ಕ್ಕಿಂತ ಕಡಿಮೆ ಬಂದಿದ್ದರೆ ಮೇಲ್ಮನವಿ ಹಾಕುವ ಬಗೆಯನ್ನು ಆಗ ಬರೆಯುತ್ತೇನೆ.